ಐದನೇ ಪಟ್ಟಿ ಎಲ್ಲಿ ಹರಿಯಿತು?

ನಮಸ್ಕಾರ. ತೆಳು ಪ್ಲಾಸ್ಟಿಕ್ ಫಿಲಂಗಳನ್ನು ಎಳೆದು, ಹರಿದು ಪರೀಕ್ಷೆ ಮಾಡುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಪರೀಕ್ಷೆಗಳನ್ನು ನೀವೇ ಕೈಯಾರೆ ಮಾಡಿದ್ದೀರಿ ಅನ್ನೋದು ಗೊತ್ತಾಗುತ್ತದೆ. ಫಿಲಂ ಮೇಲೆ ದುಂಡು ಮೂತಿಯ ಡಾರ್ಟ್ ಬೀಳಿಸಿ, ಅರ್ಧದಷ್ಟು ಮಾದರಿಗಳು ತೂತಾಗುವ ತೂಕವನ್ನು ಕಂಡುಹಿಡಿಯುವ ಭಾಗ ಸ್ಪಷ್ಟವಾಗಿದೆ. ಆದರೆ ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನನ್ನ ತಕರಾರು ಮುಖ್ಯವಾಗಿ ಎರಡು ಪದಗಳ ಮೇಲೆ: ‘ಗಟ್ಟಿ’ ಮತ್ತು ‘ವಿಫಲ’. ಉಳಿದದ್ದನ್ನು ಆಮೇಲೆ ನೋಡೋಣ.

ಮೊದಲ ಪುಟದಲ್ಲೇ ಬರೆದಿದ್ದೀರಿ: “ಪಾಲಿಥೀನ್ ಫಿಲಂಗಿಂತ ಪಾಲಿಯೆಸ್ಟರ್ ಫಿಲಂ ಹಲವು ಪಟ್ಟು ಗಟ್ಟಿ.”

ಯಾವ ಗಟ್ಟಿ? ಎಳೆದಾಗ ಹಿಗ್ಗದೆ ಸೆಟೆದು ನಿಲ್ಲುವುದೋ? ಜಾಸ್ತಿ ಭಾರ ಹೊರುವುದೋ? ಹರಿಯುವ ಮುಂಚೆ ಜಾಸ್ತಿ ಶಕ್ತಿ ನುಂಗುವುದೋ? ಇವು ಮೂರು ಬೇರೆ ಬೇರೆ ಗುಣಗಳು. ಮೊದಲ ಎರಡರಲ್ಲಿ ಪಾಲಿಯೆಸ್ಟರ್ ಖಂಡಿತ ಮುಂದೆ. ಎರಡೂ ದಿಕ್ಕಿಗೆ ಹಿಗ್ಗಿಸಿ ಮಾಡಿದ ಪಾಲಿಯೆಸ್ಟರ್ ಫಿಲಂನ ಬಲ ಸುಮಾರು 200 ಮೆಗಾಪಾಸ್ಕಲ್ ಇರುತ್ತದೆ, ಸಾಮಾನ್ಯ ಎಲ್‌ಡಿಪಿಇಯದ್ದು, ಅಂದರೆ ಕಡಿಮೆ ಸಾಂದ್ರತೆಯ ಪಾಲಿಥೀನ್‌ದು, 10ರಿಂದ 20ರ ಆಸುಪಾಸು. ಆದರೆ ಅದೇ ಪಾಲಿಯೆಸ್ಟರ್‌ನ ಅಂಚಿಗೆ ಬ್ಲೇಡಿನಿಂದ ಒಂದು ಸಣ್ಣ ಗೀರು ಹಾಕಿ, ಎರಡೂ ಬದಿ ಹಿಡಿದು ಹರಿಯಿರಿ. ಸರ್ರನೆ ಸೀಳಿಹೋಗುತ್ತದೆ. ಪಾಲಿಥೀನ್‌ಗೆ ಅದೇ ಗೀರು ಹಾಕಿ ಎಳೆದರೆ ಗೀರಿನ ತುದಿ ಹಿಗ್ಗಿ, ದುಂಡಗಾಗಿ, ಭಾರ ಸುತ್ತಮುತ್ತ ಹಂಚಿಹೋಗುತ್ತದೆ. ಹರಿಯಬೇಕಾದರೆ ನೀವು ಎಳೆಯುತ್ತಲೇ ಇರಬೇಕು. ಹಾಗಾದರೆ ಯಾವುದು ಗಟ್ಟಿ? ಎಲ್ಮೆಂಡಾರ್ಫ್ ಯಂತ್ರದ ಲೋಲಕದ ಬಗ್ಗೆ ನೀವೇ ನಾಲ್ಕನೇ ಪುಟದಲ್ಲಿ ಬರೆದಿದ್ದೀರಿ. ಮೊದಲೇ ಸೀಳು ಹಾಕಿಟ್ಟ ಫಿಲಂ ಅನ್ನು ಪೂರ್ತಿ ಹರಿಯಲು ಎಷ್ಟು ಶಕ್ತಿ ಬೇಕು ಅಂತ ಅದು ಅಳೆಯುತ್ತದೆ. ಅಲ್ಲಿ ನಿಮ್ಮ ಕೋಷ್ಟಕದಲ್ಲೇ ಪಾಲಿಯೆಸ್ಟರ್ ಹಿಂದೆ ಬಿದ್ದಿದೆ, ಮೊದಲ ಪುಟದ ವಾಕ್ಯ ಮಾತ್ರ ಹಾಗೇ ಉಳಿದಿದೆ. ಓದುಗರು ಎರಡರಲ್ಲಿ ಯಾವುದನ್ನು ನಂಬಬೇಕು?

ಭಾರ ಹೊರುವುದಕ್ಕೆ ಬಲ, ಹಿಗ್ಗದೆ ನಿಲ್ಲುವುದಕ್ಕೆ ಸೆಟೆತ, ಶಕ್ತಿ ನುಂಗುವುದಕ್ಕೆ ತಾಳಿಕೆ ಅಂತ ಮೂರು ಪದ ಇಟ್ಟುಕೊಳ್ಳಿ. ಬೇರೆ ಪದ ಇಷ್ಟವಾದರೆ ಅದನ್ನೇ ಬಳಸಿ, ನನ್ನ ತಕರಾರಿಲ್ಲ. ಒಂದು ಗುಣಕ್ಕೆ ಒಂದೇ ಪದ ಇರಲಿ, ಕೊನೆಯವರೆಗೆ ಅದೇ ಇರಲಿ.

ಈಗ ಮೂರನೇ ಪುಟ. “ಎಳೆದಾಗ ಮಾದರಿಯು ಶೇ. 420ರಷ್ಟು ಹಿಗ್ಗಿ ವಿಫಲವಾಯಿತು.”

ಈ ಸಾಲು ಓದಿ ನನಗೆ ನಿಜಕ್ಕೂ ಬೇಜಾರಾಯಿತು. ತುದಿಗಳನ್ನು ಕಚ್ಚಿ ಹಿಡಿಯುವ ಗ್ರಿಪ್‌ಗಳ ನಡುವೆ 50 ಮಿಲಿಮೀಟರ್ ಇದ್ದ ಪಟ್ಟಿ 260 ಮಿಲಿಮೀಟರ್ ಆಗಿದೆ! ಅಷ್ಟು ಹೊತ್ತು ನೀವು ಅದರ ಮುಂದೆ ನಿಂತಿದ್ದಿರಿ. ಒಂದು ಕಡೆ ಸೊಂಟ ಸಣ್ಣಗಾಗಿದ್ದು, ಆ ಸಣ್ಣಗಾದ ಭಾಗ ಮೇಲಕ್ಕೂ ಕೆಳಕ್ಕೂ ಹಬ್ಬಿದ್ದು, ಉದ್ದನೆಯ ಅಣುಸರಪಳಿಗಳು ಎಳೆತದ ದಿಕ್ಕಿಗೆ ಸಾಲಾಗಿ ನಿಂತ ಮೇಲೆ ಫಿಲಂ ಮತ್ತೆ ಬಿಗಿಯಾಗಿದ್ದು, ಎಲ್ಲವನ್ನೂ ನೋಡಿರುತ್ತೀರಿ. ಫಿಲಂ ಬೆಳ್ಳಗಾಯಿತೇ? ಆಗಿದ್ದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಖಾಲಿ ಜಾಗಗಳು ಹುಟ್ಟಿ ಬೆಳಕನ್ನು ಚದುರಿಸುತ್ತಿವೆ ಅಂತ ಅರ್ಥ. ಇದರಲ್ಲಿ ಯಾವುದೂ ಲೇಖನದಲ್ಲಿಲ್ಲ. ಉದ್ದ ದಿಕ್ಕಿಗೆ, ಅಂದರೆ ರೋಲ್ ಬಿಚ್ಚಿಕೊಳ್ಳುವ ಕಡೆಗೆ, ಕತ್ತರಿಸಿದ ಪಟ್ಟಿಯೋ, ಅಡ್ಡ ದಿಕ್ಕಿನದೋ ಅಂತಲೂ ಹೇಳಿಲ್ಲ. ತೆಳು ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಥೀನ್) ಉದ್ದಕ್ಕೆ ಸಲೀಸಾಗಿ ಸೀಳುತ್ತದೆ, ಅಡ್ಡಕ್ಕೆ ಹಠ ಮಾಡುತ್ತದೆ, ಹಾಗಿರುವಾಗ ದಿಕ್ಕು ಹೇಳದ ಅಂಕಿಯನ್ನು ಇಟ್ಟುಕೊಂಡು ಓದುಗರು ಏನು ಮಾಡಬೇಕು? ಎಳೆದ ವೇಗವೂ ಇಲ್ಲ. ನಿಧಾನ ಎಳೆದರೆ ಹಿಗ್ಗುವ ಫಿಲಂ ಜರ್ಕ್ ಕೊಟ್ಟು ಎಳೆದರೆ ಪಟ್ಟನೆ ತುಂಡಾಗಬಹುದು.

ಮತ್ತೆ, ‘ವಿಫಲವಾಯಿತು’ ಯಾಕೆ? ಹರಿಯಿತು, ಸೀಳಿತು, ಬಿರಿಯಿತು, ತೂತು ಬಿತ್ತು, ತುಂಡಾಯಿತು, ಮುರಿಯಿತು, ಒಡೆಯಿತು. ನಮ್ಮ ಭಾಷೆಯಲ್ಲಿ ಇಷ್ಟೊಂದು ಇವೆ, ಪ್ರತಿಯೊಂದೂ ಬೇರೆ ಚಿತ್ರ ಕೊಡುತ್ತದೆ. ಸೀಳಿತು ಅಂದರೆ ಒಂದು ಗೆರೆ ಹಿಡಿದು ಓಡಿತು. ತುಂಡಾಯಿತು ಅಂದರೆ ಎರಡು ಚೂರಾಗಿ ಬೇರೆಯಾಯಿತು. ವಿಫಲವಾಯಿತು ಅಂದರೆ ನನಗೆ ಏನೂ ಕಾಣಿಸುವುದಿಲ್ಲ.

ಕೊನೆಗೆ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು: “ಐದು ಮಾದರಿಗಳಲ್ಲಿ ಒಂದು ಬೇಗನೆ ವಿಫಲವಾದ್ದರಿಂದ ಅದನ್ನು ಕೈಬಿಡಲಾಯಿತು.”

ಬರವಣಿಗೆಗೆ ಬರುವ ಮುಂಚೆ ನಾನು ಒಂದು ಪರೀಕ್ಷಾ ಲ್ಯಾಬಿನಲ್ಲಿ ಟ್ರೈನಿ ಆಗಿದ್ದೆ. ಮೊದಲ ಮೂರು ತಿಂಗಳು ಬರೀ ಪಟ್ಟಿ ಕತ್ತರಿಸುವ ಕೆಲಸ. ಯಂತ್ರ ಮುಟ್ಟುವ ಹಾಗಿರಲಿಲ್ಲ. ನನಗೆ ಕಲಿಸಿದ ಹಿರಿಯ ಟೆಕ್ನಿಷಿಯನ್ ಪ್ರತಿ ಪಟ್ಟಿಯ ಅಂಚನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಒಂದು ಕಚ್ಚು ಕಂಡರೂ ಪಕ್ಕಕ್ಕಿಟ್ಟು ಬ್ಲೇಡ್ ಬದಲಾಯಿಸು ಅನ್ನುತ್ತಿದ್ದರು. ಕೊನೆಗೆ ನನ್ನ ಮೊದಲ ವರದಿಯಲ್ಲಿ ನಾನೂ ಹೀಗೇ ಬರೆದೆ: ‘ಮೂರನೇ ಮಾದರಿ ವಿಫಲ’. ಅವರು ಓದಿ ಕೇಳಿದರು: “ವಿಫಲ ಆಗಿದ್ದು ಫಿಲಮ್ಮೋ, ಗ್ರಿಪ್ಪೋ, ನೀನು ಕತ್ತರಿಸಿದ ರೀತಿಯೋ?” ಉತ್ತರ ನನ್ನ ಹತ್ತಿರ ಇರಲಿಲ್ಲ, ಯಾಕೆಂದರೆ ತುಂಡುಗಳನ್ನು ಆಗಲೇ ಕಸಕ್ಕೆ ಹಾಕಿದ್ದೆ. ಅವರು ಬೈಯಲಿಲ್ಲ. ಕಸದ ಬುಟ್ಟಿಯನ್ನು ಮೇಜಿನ ಮೇಲೆ ಸುರಿದು ನನ್ನ ಜೊತೆ ಕೂತು ಹುಡುಕಿದರು. ಸಿಕ್ಕ ತುಂಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಚ್ಚು ಇತ್ತು, ಸೀಳು ಅಲ್ಲಿಂದಲೇ ಹೊರಟಿತ್ತು. ಅವತ್ತು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ್ದು ಇವತ್ತಿಗೂ ನೆನಪಿದೆ.

ಇಂಗ್ಲೆಂಡಿನ ಎಂಜಿನಿಯರ್ ಗ್ರಿಫಿತ್ 1921ರಲ್ಲಿ ಗಾಜಿನ ಬಗ್ಗೆ ಹೇಳಿದ್ದು ಇದನ್ನೇ ಅಲ್ವಾ? ಅಣುಗಳ ಬಂಧ ನೋಡಿದರೆ ಗಾಜು ಎಷ್ಟೋ ಪಟ್ಟು ಬಲವಾಗಿರಬೇಕು, ಹಾಗಿರದೆ ಇರುವುದಕ್ಕೆ ಅದರಲ್ಲಿರುವ ಸಣ್ಣ ಸಣ್ಣ ಬಿರುಕುಗಳೇ ಕಾರಣ. ಗಾಜಿನ ಲೆಕ್ಕವನ್ನು ಹಾಗೇ ಎತ್ತಿ ಪ್ಲಾಸ್ಟಿಕ್‌ಗೆ ಅಂಟಿಸಲು ಬರುವುದಿಲ್ಲ ನಿಜ, ಹಿಗ್ಗುವ ಫಿಲಂ ಬಿರುಕಿನ ತುದಿಯಲ್ಲಿ ಜಾಸ್ತಿ ಶಕ್ತಿ ತಿನ್ನುತ್ತದೆ. ಆದರೂ ಸೀಳು ಎಲ್ಲಿಂದ ಹೊರಟಿತು ಅನ್ನೋದು ಇಲ್ಲೂ ಮೊದಲ ಪ್ರಶ್ನೆ.

ನೀವು ಆ ಪಟ್ಟಿಯನ್ನು ಲೆಕ್ಕದಿಂದ ಬಿಟ್ಟಿದ್ದು ತಪ್ಪು ಅನ್ನುತ್ತಿಲ್ಲ. ಅಂಚಿನ ದೋಷದಿಂದ ಹರಿದಿದ್ದರೆ, ಅಳತೆಯ ಭಾಗದ ಹೊರಗೆ ಹರಿದಿದ್ದರೆ, ಬಿಟ್ಟು ಬೇರೆ ಪಟ್ಟಿ ಎಳೆಯಿರಿ ಅಂತ ಫಿಲಂ ಎಳೆಯುವ ಪರೀಕ್ಷೆಯ ಮಾನದಂಡವಾದ ಎಎಸ್‌ಟಿಎಂ ಡಿ882 ಕೂಡ ಹೇಳುತ್ತದೆ. ಆದರೆ ಸುಮ್ನೆ ಬೇಗ ಹರಿಯಿತು ಅನ್ನೋದು ಬಿಡುವುದಕ್ಕೆ ಕಾರಣವಾಗುವುದಿಲ್ಲ. ಅಂಚೂ ಚೆನ್ನಾಗಿದ್ದು, ನಡುವೆಯೇ ಹರಿದಿದ್ದರೆ ಅದು ಫಿಲಂ ಕೊಟ್ಟ ಉತ್ತರ. ಉಳಿದ ನಾಲ್ಕು ಪಟ್ಟಿಗಳಷ್ಟೇ ಹಕ್ಕು ಅದಕ್ಕೂ ಇದೆ. ಇನ್ನು ‘ಕೈಬಿಡಲಾಯಿತು’ ಬೇಡ. ಕೈಬಿಟ್ಟದ್ದು ನೀವು. ‘ನಾನು ಬಿಟ್ಟೆ, ಯಾಕೆಂದರೆ’ ಅಂತ ಶುರು ಮಾಡಿ ನೋಡಿ, ‘ಯಾಕೆಂದರೆ’ ಆದ ಮೇಲೆ ಏನಾದರೂ ಬರೆಯಲೇಬೇಕಾಗುತ್ತದೆ.

ಆ ಐದನೇ ಪಟ್ಟಿಯ ತುಂಡುಗಳು ಇನ್ನೂ ನಿಮ್ಮ ಹತ್ತಿರ ಇದ್ದರೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕಂಡದ್ದನ್ನು ಒಂದು ಪುಟದಲ್ಲಿ ಬರೆದು ಕಳಿಸಿ, ಲೇಖನವನ್ನು ಅಲ್ಲಿಂದಲೇ ಶುರು ಮಾಡೋಣ. ತುಂಡುಗಳು ಇಲ್ಲದಿದ್ದರೆ ಅದೇ ರೋಲಿನಿಂದ ಇನ್ನೈದು ಪಟ್ಟಿ ಕತ್ತರಿಸಿ, ಹೊಸ ಬ್ಲೇಡ್ ಹಾಕಿ.