ಮೇಡನ್ ಹಾಡುಗಳಲ್ಲಿ ಮೊದಲನೇ ಸ್ಥಾನ ಯಾವ್ದಕ್ಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಐರನ್ ಮೇಡನ್ ಅನ್ನೋ ಇಂಗ್ಲಿಷ್ ಹೆವಿ ಮೆಟಲ್ (ಜೋರು ಗಿಟಾರಿನ ರಾಕ್ ಸಂಗೀತ) ಬ್ಯಾಂಡಿಗೆ 50 ವರ್ಷ ತುಂಬಿದ್ದರ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರ್ದಿದ್ದೆ, 1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಲ್ಲಿ ಸ್ಟೀವ್ ಹ್ಯಾರಿಸ್ ಅನ್ನೋ ಬೇಸ್ ಗಿಟಾರ್ ನುಡಿಸೋ ಹುಡುಗ ಶುರು ಮಾಡಿದ ಬ್ಯಾಂಡು ಅಂತ. ಅಷ್ಟಕ್ಕೇ ಮೈಸೂರು, ಮಂಡ್ಯ ಕಡೆಯಿಂದ ಇಷ್ಟೊಂದು ಪ್ರಶ್ನೆ ಬರ್ತವೆ ಅಂದ್ಕೊಂಡಿರ್ಲಿಲ್ಲ. ಈ ಸಲ ಜಾಗ ಪೂರ್ತಿ ಅವರಿಗೇ.

ಪ್ರಶ್ನೆ: ಸಾರ್, ನಮ್ ಹಾಸ್ಟೆಲ್ ರೂಮಲ್ಲಿ ಮೂರು ದಿನದಿಂದ ಇದೇ ಜಗಳ. ನಾನು ಫಿಯರ್ ಆಫ್ ದ ಡಾರ್ಕ್ ನಂಬರ್ ಒನ್ ಅಂತೀನಿ, ರೂಮ್‌ಮೇಟ್ ದ ಟ್ರೂಪರ್ ಅಂತಾನೆ, ಇನ್ನೊಬ್ಬ ಇವೆರಡೂ ಟಾಪ್ ಫೈವಲ್ಲೇ ಬರಲ್ಲ ಅಂತಾನೆ. ನೀವೇ ಒಂದು ಲಿಸ್ಟ್ ಕೊಟ್ಟು ತೀರ್ಮಾನ ಮಾಡಿ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಕೊಡ್ತೀನಿ ಕಣಪ್ಪಾ, ಆದ್ರೆ ಯಾವ ಸೇರಲ್ಲಿ ಅಳೆದೆ ಅನ್ನೋದನ್ನ ಮೊದ್ಲು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಲಿಸ್ಟಿಗೆ ಅರ್ಥ ಇರಲ್ಲ. ನಾನು ಓದಿದ್ದು ಹಳ್ಳಿ ಸ್ಕೂಲಲ್ಲಿ ಕನ್ನಡ ಮೀಡಿಯಂ. ಪಿಯುಸಿಗೆ ಅಂತ ಮೈಸೂರಿಗೆ ಬಂದಾಗ ರೂಮಲ್ಲಿದ್ದ ಸೀನಿಯರ್ ಹತ್ರ ಒಂದು ಟೇಪ್ ರೆಕಾರ್ಡರ್ ಇತ್ತು, ಅಂಗಡೀಲಿ ಲಿಸ್ಟ್ ಬರ್ಕೊಟ್ಟು 60 ನಿಮಿಷದ ಕ್ಯಾಸೆಟ್ಟಿಗೆ ತುಂಬಿಸ್ಕೊಂಡು ಬಂದಿದ್ದ ಹಾಡುಗಳು, ಎ ಸೈಡಲ್ಲಿ ಕೊನೇದು ಹ್ಯಾಲೋಡ್ ಬಿ ದೈ ನೇಮ್. ಇಂಗ್ಲಿಷ್ ಹಾಡಿನ ಒಂದು ಪದಾನೂ ಕಿವಿಗೆ ಹತ್ತುತ್ತಿರ್ಲಿಲ್ಲ ನಂಗೆ. ಆದ್ರೆ ಆ ಗಂಟೆ ಶಬ್ದ, ಅದಾದ್ಮೇಲೆ ನಿಧಾನಕ್ಕೆ ಹೆಜ್ಜೆ ಹಾಕೋ ಥರದ ಗಿಟಾರು, ಯಾರೋ ಒಬ್ಬ ತನಗೆ ತಾನೇ ಮಾತಾಡ್ಕೊಳ್ತಿರೋ ಹಂಗೆ ಕೆಳದನಿ, ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲಾ ಸೇರಿ ಓಡಕ್ಕೆ ಶುರು ಮಾಡೋದು, ಇಷ್ಟು ಕೇಳಿದ ಮೇಲೆ ನಾನು ಸೀನಿಯರ್‌ನ ಕೇಳ್ದೆ, "ಅಣ್ಣಾ, ಇದ್ರಲ್ಲಿ ಯಾರೋ ಸಾಯ್ತಾರಾ?" ಅಂತ. ಹೌದು, ನೇಣಿಗೆ ಹೋಗೋ ಕೈದಿ ಕತೆ ಅದು, ಕೊನೇ ಗಂಟೇಲಿ ಅವನ ತಲೇಲಿ ಓಡೋದೆಲ್ಲಾ ಹಾಡು ಅಂದ್ರು. ಅವತ್ತಿಂದ ನನ್ನ ಅಳತೆ ಇದೊಂದೇ: ಪದ ತೆಗೆದು ಹಾಕಿದ್ರೂ ಬರೀ ವಾದ್ಯ ಕತೆ ಹೇಳತ್ತಾ ಇಲ್ವಾ?

ಆ ಕ್ಯಾಸೆಟ್ಟಲ್ಲಿ ರೀಲ್ ಸಾಲದೇ ಹಾಡು ಪೂರ್ತಿ ಬರ್ತಿರ್ಲಿಲ್ಲ, ಗಿಟಾರ್ ಸೋಲೋ ನಡೀತಿದ್ದಾಗ್ಲೇ ಟಕ್ ಅಂತ ಬಟನ್ ಮೇಲಕ್ಕೆ ಬಂದ್ಬಿಡೋದು. ಎರಡು ವರ್ಷ ನಂಗೆ ಆ ಕೈದಿ ಏನಾದ ಅನ್ನೋದೇ ಗೊತ್ತಿರ್ಲಿಲ್ಲ. ಕೊನೆಗೊಂದು ದಿನ ಗೆಳೆಯನ ಮನೇಲಿ ಪೂರ್ತಿ ಕೇಳಿದಾಗ, ಕೊನೇಲಿ ಆ ಹಾಡಿನ ಹೆಸರನ್ನೇ ಎಳೆದು ಕೂಗ್ತಾರಲ್ಲ, ಅಲ್ಲಿಗೆ ಕಣ್ಣಲ್ಲಿ ನೀರು ಬಂದಿತ್ತು.

ಅದಕ್ಕೇ ಒಂದನೇದು ಅದೇ. 1982ರ ದ ನಂಬರ್ ಆಫ್ ದ ಬೀಸ್ಟ್ ಆಲ್ಬಮ್ಮಿನ ಕೊನೇ ಹಾಡು, ಏಳು ನಿಮಿಷದ ಮೇಲಿದೆ, ಬ್ರೂಸ್ ಡಿಕಿನ್ಸನ್ ಈ ಬ್ಯಾಂಡಿಗೆ ಹಾಡಿದ ಮೊದಲನೇ ಆಲ್ಬಮ್ಮು ಅದು. ಎರಡನೇದು ರೈಮ್ ಆಫ್ ದಿ ಏನ್ಶಿಯೆಂಟ್ ಮ್ಯಾರಿನರ್, 1984ರ ಪವರ್‌ಸ್ಲೇವ್ ಆಲ್ಬಮ್ಮಿಂದು. ಮೂರು ಫಿಯರ್ ಆಫ್ ದ ಡಾರ್ಕ್. ನಾಲ್ಕು ದ ಟ್ರೂಪರ್. ಐದು ಎಂಪೈರ್ ಆಫ್ ದ ಕ್ಲೌಡ್ಸ್, ಇದರ ಬಗ್ಗೆ ಕೆಳಗೆ ಬೇರೆ ಪ್ರಶ್ನೆ ಇದೆ.

ರೈಮ್‌ಗೆ ಎರಡನೇ ಜಾಗ ಯಾಕೆ ಅಂದ್ರೆ ಮಧ್ಯದ ಆ ನಿಶ್ಶಬ್ದಕ್ಕೆ. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಪದ್ಯ ಅದಕ್ಕೆ ಮೂಲ. ಒಬ್ಬ ನಾವಿಕ ಸುಮ್ನೆ ಒಂದು ಹಕ್ಕಿ ಕೊಂದ ಪಾಪಕ್ಕೆ ಗಾಳಿ ಇಲ್ದೇ ಹಡಗು ನಿಂತುಹೋಗತ್ತೆ, ಜೊತೆಯವರೆಲ್ಲಾ ಸಾಯ್ತಾರೆ. ಅಲ್ಲಿ ಡ್ರಮ್ಸ್ ಪೂರ್ತಿ ನಿಲ್ಲಿಸ್ಬಿಟ್ಟು ಬರೀ ಬೇಸ್, ಹಡಗಿನ ಮರ ಕಿರ್ ಕಿರ್ ಅನ್ನೋ ಶಬ್ದ ಇಟ್ಟಿದ್ದಾರೆ. ಗಾಳಿ ಬಿದ್ದುಹೋದ ಸಮುದ್ರನ ಇದಕ್ಕಿಂತ ಚೆನ್ನಾಗಿ ಹೇಗೆ ತೋರ್ಸೋದು ಹೇಳಿ. 13 ನಿಮಿಷದ ಹಾಡು, ಒಂದು ನಿಮಿಷ ಕಡಿಮೆ ಮಾಡಿದ್ರೂ ಕೆಡತ್ತೆ.

ಈಗ ನಿಮ್ಮ ಜಗಳ. ಫಿಯರ್ ಆಫ್ ದ ಡಾರ್ಕ್ 1992ರ ಆಲ್ಬಮ್ಮಲ್ಲಿ ಕೇಳಿದ್ರೆ ನನ್ನ ಲಿಸ್ಟಲ್ಲಿ ಹತ್ತರ ಆಚೆ. ಆದ್ರೆ ಲೈವ್ ಕೇಳಿದ್ರೆ ಕತೆನೇ ಬೇರೆ, ಇದನ್ನ ನಾನು ನಿಂತು ನೋಡಿ ಹೇಳ್ತಿರೋದು. 2007ರ ಮಾರ್ಚ್ 17, ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸ್. ಭಾರತದಲ್ಲಿ ಮೇಡನ್‌ನ ಮೊದಲ ಶೋ. ಮೈಸೂರಿಂದ ನಾವು ನಾಲ್ಕು ಜನ ಬೆಳಗಿನ ಟ್ರೇನಿಗೆ ಹೋಗಿದ್ವಿ, ಬೇರೆ ಬೇರೆ ರಾಜ್ಯದಿಂದ ಬಂದ ಹುಡುಗರು ಗೇಟ್ ಮುಂದೆ ಬಿಸಿಲಲ್ಲಿ ಕೂತಿದ್ರು. ರಾತ್ರಿ ಆ ಹಾಡಿನ ಶುರುವಿನ ಗಿಟಾರ್ ಬಂತು ನೋಡಿ, ಅಷ್ಟೂ ಜನ ಓ ಓ ಅಂತ ಆ ಗಿಟಾರ್ ಸಾಲನ್ನೇ ಹಾಡಕ್ಕೆ ಶುರು ಮಾಡಿದ್ರು, ಪದಾನೇ ಇಲ್ಲ ಅದಕ್ಕೆ, ಹಿಂದಿಯವನು ತಮಿಳಿನವನು ಮಣಿಪುರದವನು ನಾನು ಎಲ್ರೂ ಒಂದೇ ಸ್ವರ. ನನ್ನ ಅಳತೇಲಿ ಅದು ಮೂರನೇ ಸ್ಥಾನಕ್ಕೆ ಬಂದಿದ್ದು ಆ ರಾತ್ರಿ. ನಿಮ್ಮ ರೂಮ್‌ಮೇಟ್ ಹೇಳೋ ಟ್ರೂಪರ್ ಕೂಡ ಅವತ್ತು ನುಡಿಸಿದ್ರು, 1854ರಲ್ಲಿ ಕ್ರೈಮಿಯಾದ ಬಾಲಕ್ಲಾವಾ ಯುದ್ಧದಲ್ಲಿ ತಪ್ಪು ಆರ್ಡರ್‌ನಿಂದ ರಷ್ಯದ ಫಿರಂಗಿಗಳ ಬಾಯಿಗೇ ನುಗ್ಗಿದ ಬ್ರಿಟಿಷ್ ಕುದುರೆ ಸೈನ್ಯದ ಕತೆ. ಕುದುರೆ ಓಟ ಅಲ್ಲಿ ಪದದಲ್ಲಿಲ್ಲ, ಬೇಸಲ್ಲೇ ಇದೆ. ಆದ್ರೆ ನಾಲ್ಕು ನಿಮಿಷ ಪೂರ್ತಿ ಒಂದೇ ಭಾವ, ಹ್ಯಾಲೋಡ್‌ನಲ್ಲಿ ಭಯ ಇದೆ, ಕೋಪ ಇದೆ, ಕೊನೆಗೆ ಒಪ್ಕೊಳ್ಳೋದೂ ಇದೆ. ಅದಕ್ಕೇ ನಾಲ್ಕು. ಇಬ್ಬರಿಗೂ ಬೇಜಾರಾಗಿರತ್ತೆ ಗೊತ್ತು, ಆದ್ರೆ ಮೂರನೆಯವನ ಮಾತಂತೂ ತಪ್ಪು, ಅವನಿಗೆ ಹೇಳಿ.

ಪ್ರಶ್ನೆ: ನಾನು ಮೃದಂಗ ಕಲೀತಿದೀನಿ. ತಮ್ಮ ಕೇಳೋ ಈ ಮೇಡನ್ ಹಾಡುಗಳಲ್ಲಿ ಕುದುರೆ ಓಟದ ಥರ ಒಂದು ಲಯ ಪದೇ ಪದೇ ಬರತ್ತೆ. ಮೂರು ಮೂರು ಪೆಟ್ಟು ಕೇಳೋದ್ರಿಂದ ಅದು ತಿಶ್ರ ನಡೆ ಅಲ್ವಾ? ತಮ್ಮ ಅಲ್ಲ ಅಂತಾನೆ.
– ಓದುಗರು, ಅಗ್ರಹಾರ, ಮೈಸೂರು

ಉತ್ತರ: ತಮ್ಮ ಹೇಳಿದ್ದೇ ಸರಿ, ಆದ್ರೆ ನಿಮಗೆ ಹಾಗೆ ಕೇಳ್ಸಿದ್ದು ಸಹಜ. ಪೆಟ್ಟು ಮೂರು, ಎಣಿಕೆ ನಾಲ್ಕು. ತಕಧಿಮಿ ಅಂತ ಹೇಳ್ಕೊಳ್ಳಿ, ಈಗ ಎರಡನೇ ಅಕ್ಷರ "ಕ" ನುಂಗಿ ಮೊದಲನೇ "ತ" ನ ಅಲ್ಲಿವರೆಗೂ ಎಳೀರಿ. ತಾ ಧಿಮಿ, ತಾ ಧಿಮಿ, ತಾ ಧಿಮಿ. ಒಂದು ಉದ್ದ ಎರಡು ಗಿಡ್ಡ. ಚತುರಶ್ರ ನಡೆನೇ ಅದು, ತಿಶ್ರ ಆಗಿದ್ರೆ ಮೂರೂ ಪೆಟ್ಟು ಒಂದೇ ಅಳತೆ ಇರ್ಬೇಕಿತ್ತು. ಮೆಟಲ್ ಕೇಳೋರು ಇದನ್ನ ಗ್ಯಾಲಪ್ ಅಂತಾರೆ. ಟ್ರೂಪರ್, ರನ್ ಟು ದ ಹಿಲ್ಸ್ ಎರಡರಲ್ಲೂ ಸ್ಪಷ್ಟವಾಗಿ ಕೇಳತ್ತೆ.

ವಿಶೇಷ ಏನಂದ್ರೆ ಸ್ಟೀವ್ ಹ್ಯಾರಿಸ್ ಇದನ್ನ ಪ್ಲೆಕ್ಟ್ರಮ್, ಅಂದ್ರೆ ತಂತಿ ಮೀಟೋ ಬಿಲ್ಲೆ, ಇಲ್ದೇ ಬರೀ ಬೆರಳಲ್ಲಿ ನುಡಿಸೋದು, ಅಷ್ಟು ವೇಗದಲ್ಲಿ ಗಂಟೆಗಟ್ಲೆ. ಬೆರಳಿನ ನೋವು ಏನು ಅಂತ ಮೃದಂಗದವರಿಗೆ ನಾನು ಹೇಳ್ಬೇಕಾ. ಡ್ರಮ್ಮರ್ ನಿಕೋ ಮೆಕ್‌ಬ್ರೇನ್ 1982ರ ಕೊನೇಲಿ ಬಂದೋರು, ಮೆಟಲ್‌ನಲ್ಲಿ ಎಷ್ಟೋ ಜನ ಎರಡು ಕಾಲಿಗೂ ಪೆಡಲ್ ಇಟ್ಕೊಂಡು ಹೊಡೀತಾರೆ, ಇವರು ಒಂದೇ ಪಾದದಲ್ಲಿ ಆ ಕೆಲಸ ಮಾಡ್ತಿದ್ರು. ವೇರ್ ಈಗಲ್ಸ್ ಡೇರ್ ಹಾಕಿ ಬಲಗಾಲಿನ ಪೆಟ್ಟುಗಳನ್ನ ಮಾತ್ರ ಹಿಂಬಾಲಿಸಿ. 2024ರ ಡಿಸೆಂಬರ್‌ನಲ್ಲಿ ಅವರು ಟೂರ್ ಮಾಡೋದು ನಿಲ್ಲಿಸಿದ್ರು, ಆ ಸುದ್ದಿ ಓದಿದ ದಿನ ನಂಗೆ ಕೆಲಸಕ್ಕೆ ಮನಸ್ಸೇ ಬರ್ಲಿಲ್ಲ.

ಇನ್ನೊಂದು ನಿಮಗೆ ಹೊಸದು ಅನ್ಸೋದು ಎರಡು ಗಿಟಾರ್ ಒಟ್ಟಿಗೆ ಹೋಗೋ ರೀತಿ. ನಮ್ಮಲ್ಲಿ ಜೋಡಿ ನಾಗಸ್ವರ ಒಂದೇ ಸ್ವರ ಹಿಡಿದು ಹೋಗ್ತವೆ, ಇಲ್ಲಿ ಒಂದು ಗಿಟಾರ್ ಷಡ್ಜದಲ್ಲಿದ್ರೆ ಇನ್ನೊಂದು ಗಾಂಧಾರದಲ್ಲಿ, ಹಾಗೇ ಜೊತೆಜೊತೆಗೆ ಹತ್ತೋದು ಇಳಿಯೋದು. ದಸರಾದಲ್ಲಿ ಪೊಲೀಸ್ ಇಂಗ್ಲಿಷ್ ಬ್ಯಾಂಡ್ ಕೇಳಿರೋ ಮೈಸೂರಿನವರ ಕಿವಿಗೆ ಅದು ಪೂರ್ತಿ ಹೊರಗಿನದೇನಲ್ಲ.

ಪ್ರಶ್ನೆ: ನನ್ನ ಮಗ ಸೆಕೆಂಡ್ ಪಿಯುಸಿ. ಯಾವಾಗ್ಲೂ ಹೆಡ್‌ಫೋನು, ಅದ್ರಲ್ಲಿ ಈ ಬ್ಯಾಂಡು. ಗೋಡೆ ಮೇಲೆ ದೆವ್ವದ ಚಿತ್ರ ಅಂಟಿಸಿದ್ದಾನೆ. ಓದ್ತಾನೆ, ಮಾರ್ಕ್ಸ್ ಬರತ್ತೆ, ಆದ್ರೂ ನಂಗೆ ಭಯ. ಇದು ಸೈತಾನನ ಪೂಜೆ ಹಾಡಂತೆ, ನಿಜಾನಾ?
– ಒಬ್ಬ ತಾಯಿ, ಸರಸ್ವತಿಪುರಂ, ಮೈಸೂರು

ಉತ್ತರ: ಅಮ್ಮಾ, ನಿಜ ಅಲ್ಲ. ದ ನಂಬರ್ ಆಫ್ ದ ಬೀಸ್ಟ್ ಬಂದಾಗ ಅಮೆರಿಕದಲ್ಲಿ ಕೆಲವು ಧಾರ್ಮಿಕ ಗುಂಪಿನವರು ಇದೇ ಮಾತು ಹೇಳಿ ರೆಕಾರ್ಡ್ ಸುಟ್ಟಿದ್ರು. ಆ ಹಾಡು ಹುಟ್ಟಿದ್ದು ಸ್ಟೀವ್ ಹ್ಯಾರಿಸ್ ಒಂದು ಹಾರರ್ ಸಿನಿಮಾ ನೋಡಿ ಮಲಗಿದಾಗ ಬಿದ್ದ ಕೆಟ್ಟ ಕನಸಿಂದ, ಹಾಡಿನೊಳಗೆ ಇರೋದೂ ಹೆದರಿದ ಮನುಷ್ಯನೇ. ಗೋಡೆ ಮೇಲಿರೋದು ಎಡ್ಡಿ ಅನ್ನೋ ಬ್ಯಾಂಡಿನ ಗೊಂಬೆ ಇರ್ಬೇಕು, ಪ್ರತಿ ಆಲ್ಬಮ್ಮಿಗೂ ಅದಕ್ಕೊಂದು ವೇಷ. ನಮ್ಮ ಕಡೆ ಹೊಸ ಮನೆ ಮುಂದೆ ದೃಷ್ಟಿಗೊಂಬೆ ಕಟ್ತೀವಲ್ಲ, ನೋಡಕ್ಕೆ ಅಷ್ಟೇ ಘೋರ, ಅದರಿಂದ ಯಾರಿಗೂ ಕೆಟ್ಟದ್ದಾಗಲ್ಲ.

ಒಂದು ಕೆಲಸ ಮಾಡಿ. ಸಂಜೆ ಅವನ ಪಕ್ಕ ಕೂತು ವೇಸ್ಟೆಡ್ ಇಯರ್ಸ್ ಹಾಕು ಅನ್ನಿ. 1986ರಲ್ಲಿ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಬರೆದದ್ದು, ತಿಂಗಳುಗಟ್ಲೆ ಊರು ಬಿಟ್ಟು ತಿರುಗಿ ಮನೆ ನೆನಪಾಗಿ ಬಂದ ಹಾಡು. ಸಾಲು ಸಾಲಾಗಿ ಅರ್ಥ ಹೇಳು ಅಂತ ಅವನನ್ನೇ ಕೇಳಿ. ನೀವು ಕೇಳ್ಬೇಕಾದ ಒಂದೇ ವಿಷ್ಯ ಅಂದ್ರೆ ವಾಲ್ಯೂಮ್, ಹೆಡ್‌ಫೋನಲ್ಲಿ ಜೋರಾಗಿ ಗಂಟೆಗಟ್ಲೆ ಕೇಳಿದ್ರೆ ಕಿವಿ ನಿಜವಾಗ್ಲೂ ಹಾಳಾಗತ್ತೆ, ಹೋದ ಶ್ರವಣ ವಾಪಸ್ ಬರಲ್ಲ, ಅದನ್ನ ಮಾತ್ರ ಗಟ್ಟಿಯಾಗಿ ಹೇಳಿ.

ಪ್ರಶ್ನೆ: ಬ್ಲೇಜ್ ಬೇಯ್ಲಿ ಹಾಡಿದ ಕಾಲದ ಹಾಡುಗಳನ್ನ ಎಲ್ರೂ ಯಾಕೆ ಲಿಸ್ಟಿಂದ ಬಿಡ್ತಾರೆ?
– ಓದುಗ, ಶ್ರೀರಂಗಪಟ್ಟಣ

ಉತ್ತರ: ಅನ್ಯಾಯ ಅದು. ಬ್ರೂಸ್ 1993ರಲ್ಲಿ ಬಿಟ್ಟುಹೋಗಿ 1999ರಲ್ಲಿ ವಾಪಸ್ ಬರೋವರೆಗೆ ಬ್ಲೇಜ್ ಎರಡು ಆಲ್ಬಮ್ ಹಾಡಿದ್ರು. ಅವರ ದನಿ ಕೆಳಗಿನ ಸ್ಥಾಯಿಯದು, ಬ್ರೂಸ್‌ಗೆ ಅಂತ ಮೇಲೆ ಕಟ್ಟಿದ ಹಳೇ ಹಾಡುಗಳನ್ನ ಲೈವಲ್ಲಿ ಅವರ ಕೈಲಿ ಹಾಡಿಸಿದ್ರು, ಕಷ್ಟ ಪಟ್ಟಿದ್ದು ಅಲ್ಲಿ. ಅವರಿಗೇ ಕಟ್ಟಿದ ಸೈನ್ ಆಫ್ ದ ಕ್ರಾಸ್ ಕೇಳಿ, 1995ದು, 11 ನಿಮಿಷ. ನನ್ನ ಲಿಸ್ಟಲ್ಲಿ ಅದು ಏಳನೇದು, ದ ಕ್ಲಾನ್ಸ್‌ಮನ್ ಒಂಬತ್ತು. ಬ್ರೂಸ್ ಬಂದ್ಮೇಲೂ ಇವೆರಡನ್ನ ಸ್ಟೇಜ್ ಮೇಲೆ ಹಾಡಿದ್ದಾರೆ ಅಂದ್ರೆ ಬ್ಯಾಂಡಿಗೇ ಬೆಲೆ ಗೊತ್ತಿದೆ ಅಂತ ಆಯ್ತಲ್ಲ.

ಪ್ರಶ್ನೆ: ಪಾಲ್ ಡಿಯಾನೋ ಹಾಡಿದ ಮೊದಲೆರಡು ಆಲ್ಬಮ್ಮಿಂದ ಒಂದೇ ಒಂದು ಆರಿಸ್ಬೇಕು ಅಂದ್ರೆ?
– ಓದುಗ, ಮದ್ದೂರು

ಉತ್ತರ: ಫ್ಯಾಂಟಮ್ ಆಫ್ ದಿ ಆಪೆರಾ, 1980. ಮುಂದೆ ಬಂದ ಉದ್ದ ಹಾಡುಗಳಿಗೆಲ್ಲಾ ಬೀಜ ಅಲ್ಲಿದೆ. ಪಾಲ್ 2024ರ ಅಕ್ಟೋಬರ್‌ನಲ್ಲಿ ತೀರ್ಕೊಂಡ್ರು, ಅವತ್ತು ರಾತ್ರಿ ನಾನು ಹಾಕಿದ್ದು ಇದನ್ನೇ. ನನ್ನ ಆರನೇ ಸ್ಥಾನ ಇದಕ್ಕೆ.

ಪ್ರಶ್ನೆ: ಎಂಪೈರ್ ಆಫ್ ದ ಕ್ಲೌಡ್ಸ್ 18 ನಿಮಿಷ. ನಾನು ನಂಜನಗೂಡಿಂದ ಮೈಸೂರಿಗೆ ಬಸ್ಸಲ್ಲಿ ಬರೋವಾಗ ಹಾಕಿದ್ರೆ ಅರ್ಧ ದಾರಿ ಮುಗಿಯತ್ತೆ. ಇಷ್ಟುದ್ದ ಬೇಕಿತ್ತಾ? ಇದು ಯಾರ ಟಾಪ್ ಫೈವಲ್ಲೂ ಬರಲ್ಲ ಅನ್ನೋದು ನನ್ನ ವಾದ.
– ಓದುಗ, ನಂಜನಗೂಡು

ಉತ್ತರ: ನನ್ನ ಟಾಪ್ ಫೈವಲ್ಲಿ ಬಂದಿದೆ, ಯಾಕೆ ಅಂತ ಕೇಳಿ. ಆರ್ 101 ಅಂತ ಬ್ರಿಟಿಷರು ಕಟ್ಟಿದ ದೊಡ್ಡ ಗಾಳಿಹಡಗು, ಅಂದ್ರೆ ಹೈಡ್ರೋಜನ್ ತುಂಬಿ ತೇಲಿಸೋ ಏರ್‌ಶಿಪ್. 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್‌ಟನ್ ಬಿಟ್ಟು ಹೊರಟಿದ್ದು ಎಲ್ಲಿಗೆ ಗೊತ್ತಾ, ಆಗ ನಮ್ಮ ದೇಶದಲ್ಲೇ ಇದ್ದ ಕರಾಚಿಗೆ. ವಿಮಾನಯಾನದ ಮಂತ್ರಿ ಲಾರ್ಡ್ ಥಾಮ್ಸನ್ನೇ ಅದರಲ್ಲಿದ್ರು. ಮಳೆ, ಗಾಳಿ, ಸರಿಯಾಗಿ ಪರೀಕ್ಷೆ ಮುಗಿಸದೇ ಹೊರಟ ಆತುರ. ಬೆಳಗಿನ ಜಾವ ಎರಡು ಗಂಟೆ ಹೊತ್ತಿಗೆ ಫ್ರಾನ್ಸಿನ ಬೋವೆ ಹತ್ರ ನೆಲಕ್ಕೆ ಬಿದ್ದು ಹೊತ್ತಿ ಉರೀತು. ಒಳಗಿದ್ದ 54 ಜನರಲ್ಲಿ 48 ಜನ ಹೋದ್ರು.

ಬ್ರೂಸ್ ಡಿಕಿನ್ಸನ್ ಸ್ವತಃ ಪೈಲಟ್, ದೊಡ್ಡ ಪ್ಯಾಸೆಂಜರ್ ವಿಮಾನ ಓಡಿಸಿದೋರು, ಬ್ಯಾಂಡನ್ನೇ ಕೂರಿಸ್ಕೊಂಡು ದೇಶ ದೇಶ ಸುತ್ತಿದೋರು. ಈ ಹಾಡನ್ನ ಅವರು ಪಿಯಾನೋ ಮೇಲೆ ಕಟ್ಟಿದ್ದು. ಮಧ್ಯದಲ್ಲಿ ವಾದ್ಯಗಳು ಮೋರ್ಸ್ ಕೋಡಿನ ಎಸ್ಓಎಸ್, ಅಂದ್ರೆ ಅಪಾಯದಲ್ಲಿದೀವಿ ಕಾಪಾಡಿ ಅನ್ನೋ ಸಂಕೇತದ ಲಯ ಹೊಡೀತವೆ, ಗಿಡ್ಡ ಮೂರು, ಉದ್ದ ಮೂರು, ಗಿಡ್ಡ ಮೂರು. ಪದ ಇಲ್ದೇ ಕತೆ ಹೇಳೋದು ಅಂದ್ನಲ್ಲ, ಇದೇ ಅದು. ಮೊದಲ ಐದು ನಿಮಿಷ ನಿಧಾನ ಅನ್ನೋದು ಒಪ್ತೀನಿ. ಆದ್ರೆ ಆ ಹೊರಡೋ ಸಂಭ್ರಮ ಇಲ್ದೇ ಇದ್ರೆ ಕೊನೇ ಪಿಯಾನೋ ಅಷ್ಟು ಚುಚ್ಚಲ್ಲ. ಬಸ್ಸಲ್ಲಿ ಬೇಡ, ಹಾರ್ನ್ ಶಬ್ದದಲ್ಲಿ ಪಿಯಾನೋ ಸತ್ತೋಗತ್ತೆ. ರಾತ್ರಿ ದೀಪ ಆರಿಸಿ ಒಂದು ಸಲ ಕೇಳಿ, ಆಮೇಲೂ ಬೇಡ ಅನ್ಸಿದ್ರೆ ನಂಗೆ ಬರೀರಿ.

ಪ್ರಶ್ನೆ: ಅಲೆಗ್ಸಾಂಡರ್ ದ ಗ್ರೇಟ್ ಹಾಡಲ್ಲಿ ನಮ್ಮ ದೇಶದ ವಿಷ್ಯ ಬರತ್ತಂತೆ. ಒಳ್ಳೇ ಹಾಡಾದ್ರೆ ಬ್ಯಾಂಡು ಯಾಕೆ ಲೈವಲ್ಲಿ ನುಡಿಸ್ತಿರ್ಲಿಲ್ಲ?
– ನಿವೃತ್ತ ಇತಿಹಾಸ ಮೇಷ್ಟ್ರು, ಪಾಂಡವಪುರ

ಉತ್ತರ: ಬರತ್ತೆ ಸಾರ್, ಅವನ ಸೈನ್ಯ ಭಾರತದೊಳಗೆ ಅವನ ಹಿಂದೆ ಬರಲ್ಲ ಅಂದಿದ್ದು. ನೀವು ಪಾಠ ಮಾಡಿರೋ ಬಿಯಾಸ್ ನದಿ ದಂಡೆಯ ಕತೆನೇ, ಕ್ರಿ.ಪೂ. 326. ಎಂಟೂವರೆ ನಿಮಿಷದ ಈ ಹಾಡು 1986ರಲ್ಲಿ ಬಂತು, ಅಭಿಮಾನಿಗಳು ಕೇಳ್ತಾನೇ ಇದ್ರು, 37 ವರ್ಷ ಆದ್ಮೇಲೆ 2023ರ ಮೇ ತಿಂಗಳಲ್ಲಿ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಮೊದಲ ಸಲ ಸ್ಟೇಜಿಗೆ ತಂದ್ರು. ನನ್ನ ಲಿಸ್ಟಲ್ಲಿ ಎಂಟನೇದು. ಪದಗಳು ಸ್ವಲ್ಪ ಪಠ್ಯಪುಸ್ತಕದ ಹಾಗಿವೆ, ನಿಮಗೆ ತೊಂದ್ರೆ ಆಗಲ್ಲ ಅನ್ಕೋತೀನಿ, ಆದ್ರೆ ಮಧ್ಯದ ಗಿಟಾರ್ ಭಾಗ ಕೇಳಿ ಸಾರ್, ನಡೆದೂ ನಡೆದೂ ಸುಸ್ತಾದ ಸೈನ್ಯ ಕಾಣತ್ತೆ. ಆ ಮಂಡ್ಯದ ಹಾಸ್ಟೆಲ್ ಹುಡುಗರಿಗೂ ಇದನ್ನೇ ಕೇಳಕ್ಕೆ ಹೇಳ್ತಿದೀನಿ, ಹತ್ತನೇ ಜಾಗ ನಾನಿನ್ನೂ ಖಾಲಿ ಬಿಟ್ಟಿದೀನಿ, ಮೂವರೂ ಸೇರಿ ಒಂದೇ ಹೆಸರು ಕಳ್ಸಿ.