ಲಿಸ್ಟಲ್ಲಿ ಇಲ್ದೋರನ್ನ ಎಲ್ಲಿ ಹುಡುಕೋದು?

ಪ್ರಶ್ನೆ: ಯೂನಿವರ್ಸಿಟಿಯ ಸಮಾಜಕಾರ್ಯ ವಿಭಾಗದಲ್ಲಿ ಒಂದು ರಿಸರ್ಚ್ ಪ್ರಾಜೆಕ್ಟಿಗೆ ನಾನು ಕೋಆರ್ಡಿನೇಟರ್. ಅಂಗವಿಕಲರಿಗೆ ಅಂತ ಇರೋ ಸೇವೆಗಳು ನಿಜವಾಗ್ಲೂ ಅವರಿಗೆ ತಲುಪ್ತಿದ್ಯಾ ಅನ್ನೋದು ವಿಷಯ. ಒಂದು ಪುನರ್ವಸತಿ ಕೇಂದ್ರದವರು ಹೆಸರಿನ ಲಿಸ್ಟ್ ಕೊಟ್ರು, ಮಾತಾಡ್ಸೋಕೆ ರೂಮೂ ಅವರೇ ಕೊಟ್ರು. 60ರಲ್ಲಿ 40 ಇಂಟರ್ವ್ಯೂ ಮುಗಿದಿದೆ, ಬಂದೋರೆಲ್ಲ "ಚೆನ್ನಾಗಿದೆ, ಏನೂ ತೊಂದ್ರೆ ಇಲ್ಲ" ಅಂತಾರೆ. ಪ್ರೊಫೆಸರ್‌ಗೆ ಖುಷಿ, ನನಗೆ ಯಾಕೋ ಕಸಿವಿಸಿ.

ಉತ್ತರ: ಕಸಿವಿಸಿ ಆಗ್ಲೇಬೇಕು ಬಿಡಿ. ಆ ಲಿಸ್ಟ್ ಯಾರದ್ದು? ಸೇವೆ ಸಿಕ್ಕವರದ್ದು. ಕೇಂದ್ರದ ತನಕ ಬರೋಕೇ ಆಗದೆ ಮನೇಲಿ ಉಳಿದೋರು, ಒಂದ್ಸಲ ಬಂದು ಕಾದೂ ಕಾದೂ ಬೇಜಾರಾಗಿ ಬಿಟ್ಟೋರು, ಅರ್ಜಿ ಎಲ್ಲಿ ಹಾಕ್ಬೇಕು ಅಂತಾನೇ ಗೊತ್ತಿಲ್ದೋರು, ಇವರ್ಯಾರ ಹೆಸರೂ ಅದರಲ್ಲಿ ಇರಲ್ಲ, ಹಾಗಾಗಿ ಸೇವೆ ಯಾರ ಕೈಗೆ ಸಿಕ್ಕಿಲ್ವೋ ಸರಿಯಾಗಿ ಅವರೇ ನಿಮ್ಮ ಸ್ಟಡಿಯಿಂದಲೂ ತಪ್ಪಿಹೋಗ್ತಿದ್ದಾರೆ. ಇನ್ನು ಆ ರೂಮು. ನಾಳೆ ವೀಲ್‌ಚೇರ್ ರಿಪೇರಿಗೆ ಅದೇ ಸ್ಟಾಫ್ ಮುಂದೆ ನಿಲ್ಬೇಕಾದೋರು ಅದೇ ಕಟ್ಟಡದಲ್ಲಿ ಕೂತು ಅವರ ಮೇಲೆ ದೂರು ಹೇಳ್ತಾರಾ? ನೀವಾಗಿದ್ರೆ ಹೇಳ್ತಿದ್ರಾ?

ನಾನೂ ಇದೇ ಗುಂಡಿಗೆ ಬಿದ್ದೋಳೇ. ಮೊದಲನೇ ಪ್ರಾಜೆಕ್ಟಲ್ಲಿ ಒಬ್ಬ ಹುಡುಗಿ ಜೊತೆ ಮಾಡಿದ ಇಂಟರ್ವ್ಯೂ ರೆಕಾರ್ಡಿಂಗನ್ನ ತಿಂಗಳಾದ ಮೇಲೆ ಕೂತು ಕೇಳಿದ್ರೆ, ಮುಕ್ಕಾಲು ಗಂಟೆಲಿ ಅವಳ ದನಿ ಇದ್ದದ್ದು ಎರಡೇ ಕಡೆ. ಒಂದು "ಹೂಂ". ಇನ್ನೊಂದು, "ಅಕ್ಕಾ, ಮಷೀನಿನ ಲೈಟ್ ಮಿಣುಕ್ತಿದೆ ನೋಡಿ". ಬಾಕಿ ಎಲ್ಲಾ ಅಮ್ಮಂದೇ ಮಾತು. ಆದ್ರೆ ನಾನು ಟ್ರಾನ್ಸ್‌ಕ್ರಿಪ್ಟಲ್ಲಿ ಉದ್ದಕ್ಕೂ ಅವಳೇ ಹೇಳಿದ್ಲು ಅನ್ನೋ ಹಾಗೆ ಬರ್ಕೊಂಡು ಹೋಗಿದ್ದೆ! ಇಡೀ ರೂಮಲ್ಲಿ ಗಮನ ಇಟ್ಟಿದ್ದೋಳು ಅವಳೊಬ್ಳೇ ಅಂತ ಈಗ ಅನ್ಸುತ್ತೆ.

ಮುಗಿದಿರೋ 40ನ್ನ ಬಿಸಾಕ್ಬೇಡಿ, ಅವು ಸೇವೆ ಪಡೀತಿರೋರ ಮಾತು, ಕೇಂದ್ರದ ಒಳಗೇ ಕೂತು ಆಡಿದ್ದು ಅಂತ ರಿಪೋರ್ಟಲ್ಲಿ ಬಿಚ್ಚಿ ಬರೀರಿ. ಉಳಿದ 20 ಜನ ಮಾತ್ರ ಲಿಸ್ಟಿನ ಹೊರಗಿನವರಾಗಿರ್ಲಿ. ಮನೆ ಮನೆಗೆ ಹೋಗಿ "ಇಲ್ಲಿ ಅಂಗವಿಕಲರು ಇದ್ದಾರಾ" ಅಂತ ಮಾತ್ರ ಕೇಳ್ಬೇಡಿ, ಸಂಕೋಚಕ್ಕೋ ಅಥವಾ ವಯಸ್ಸಾಯ್ತಲ್ಲ ಅಷ್ಟೇ ಅಂದ್ಕೊಂಡೋ ತುಂಬಾ ಜನ ಇಲ್ಲ ಅಂದ್ಬಿಡ್ತಾರೆ. 2001ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದ ಅಡಿಯಲ್ಲಿ ಶುರುವಾದ ವಾಷಿಂಗ್ಟನ್ ಗ್ರೂಪ್ ಇದಕ್ಕೇ ಅಂತ ಆರು ಪ್ರಶ್ನೆ ಮಾಡಿದೆ: ನೋಡೋಕೆ, ಕೇಳಿಸ್ಕೊಳ್ಳೋಕೆ, ನಡೆಯೋಕೆ ಅಥವಾ ಮೆಟ್ಟಿಲು ಹತ್ತೋಕೆ, ನೆನಪಿಟ್ಕೊಳ್ಳೋಕೆ ಅಥವಾ ಗಮನ ಇಡೋಕೆ, ಸ್ನಾನ ಬಟ್ಟೆ ಥರದ ಸ್ವಂತ ಕೆಲಸಕ್ಕೆ, ತನ್ನ ಮಾತು ಇನ್ನೊಬ್ಬರಿಗೆ ಅರ್ಥ ಮಾಡ್ಸೋಕೆ ಕಷ್ಟ ಆಗುತ್ತಾ ಅಂತ. ಉತ್ತರ ನಾಲ್ಕೇ, ಇಲ್ಲ, ಸ್ವಲ್ಪ, ತುಂಬಾ, ಆಗೋದೇ ಇಲ್ಲ. ಆರರಲ್ಲಿ ಒಂದಕ್ಕಾದ್ರೂ "ತುಂಬಾ" ಅಥವಾ "ಆಗೋದೇ ಇಲ್ಲ" ಅಂದ್ರೆ ಅವರನ್ನ ಲೆಕ್ಕಕ್ಕೆ ತಗೊಳ್ಳಿ. ಅಂಗವಿಕಲ ಅನ್ನೋ ಪದಾನೇ ಎತ್ತಬೇಕಾಗಿಲ್ಲ. ಮಾನಸಿಕ ಆರೋಗ್ಯದ ತೊಂದ್ರೆ ಇರೋರು ಈ ಆರರಲ್ಲಿ ಜಾರಿಹೋಗ್ತಾರೆ, ಮಕ್ಕಳಿಗೆ ಯುನಿಸೆಫ್ ಜೊತೆ ಸೇರಿ ಮಾಡಿರೋ ಬೇರೆ ಪ್ರಶ್ನೆಗಳೇ ಇವೆ, ಇದೊಂದು ತಲೇಲಿರ್ಲಿ. ಮತ್ತೆ, ಸ್ಯಾಂಪಲ್ ತಗೊಳ್ಳೋ ವಿಧಾನ ಬದಲಾಯ್ಸೋ ಮೊದಲು ಎಥಿಕ್ಸ್ ಕಮಿಟಿಗೆ (ರಿಸರ್ಚಲ್ಲಿ ಭಾಗವಹಿಸೋರಿಗೆ ಅನ್ಯಾಯ ಆಗದ ಹಾಗೆ ನೋಡ್ಕೊಳ್ಳೋ ಸಮಿತಿ) ಬರೆದು ಒಪ್ಪಿಗೆ ತಗೊಳ್ಳಿ, ಆಮೇಲೆ ಹೇಳಿದ್ರಾಯ್ತು ಅಂತ ಬಿಟ್ರೆ ಆ 20ಕ್ಕೂ ಕುತ್ತು.

ಪ್ರಶ್ನೆ: ಬೌದ್ಧಿಕ ಅಂಗವೈಕಲ್ಯ ಇರೋರ ಇಂಟರ್ವ್ಯೂಗೆ ಅಪ್ಪ ಅಮ್ಮನ ಸಹಿ ಇದ್ರೆ ಸಾಕಲ್ವಾ? ಎಥಿಕ್ಸ್ ಕಮಿಟಿಯವರು ಸುಮ್ಮನೆ ಎಳೀತಿದ್ದಾರೆ.

ಉತ್ತರ: ಅಮೆರಿಕದ ನ್ಯೂಯಾರ್ಕಲ್ಲಿ ವಿಲ್ಲೋಬ್ರೂಕ್ ಅಂತ ಒಂದು ಸಂಸ್ಥೆ ಇತ್ತು. 1950ರ ದಶಕದ ಮಧ್ಯದಿಂದ ಸುಮಾರು 1970ರ ತನಕ ಅಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಮಕ್ಕಳಿಗೆ ಬೇಕಂತಲೇ ಹೆಪಟೈಟಿಸ್ ಅಂಟಿಸಿ ರಿಸರ್ಚ್ ಮಾಡಿದ್ರು. ಅಪ್ಪ ಅಮ್ಮನ ಸಹಿ ಇತ್ತು ರೀ, ಫಾರಂ ಎಲ್ಲಾ ಇತ್ತು. ನಿಮ್ಮದು ಬರೀ ಪ್ರಶ್ನೆ ಕೇಳೋ ಸ್ಟಡಿ, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ ಗೊತ್ತು, ಆದ್ರೂ ಕಮಿಟಿಯವರು ಯಾಕೆ ಎಳೀತಾರೆ ಅಂತ ಅರ್ಥ ಆಗ್ಲಿ ಅಂತ ಹೇಳ್ದೆ.

ಕಾನೂನು ಪ್ರಕಾರ ಪೋಷಕರ ಸಹಿ ಬೇಕಾದ್ರೆ ತಗೊಳ್ಳಿ, ಜೊತೆಗೆ ಆ ವ್ಯಕ್ತಿಯನ್ನೂ ಕೇಳಿ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳೋದೂ ಇದನ್ನೇ, ತೀರ್ಮಾನ ಅವರದ್ದು, ಬೇಕಾದ ಸಹಾಯ ಕೊಡೋದು ನಮ್ಮ ಕೆಲಸ. ನಾಲ್ಕು ಪುಟದ ಕನ್ಸೆಂಟ್ ಫಾರಂನ, ಅಂದ್ರೆ ಒಪ್ಪಿಗೆ ಪತ್ರಾನ, ದೊಡ್ಡ ಅಕ್ಷರ, ಚಿಕ್ಕ ವಾಕ್ಯ, ಚಿತ್ರ ಹಾಕಿ ಒಂದು ಪುಟಕ್ಕೆ ಇಳಿಸಿ. ಓದಿ ಹೇಳಿದ ಮೇಲೆ "ಅರ್ಥ ಆಯ್ತಾ" ಅಂದ್ರೆ ಎಲ್ಲರೂ ಆಯ್ತು ಅಂತಾರೆ, ಅದರ ಬದಲು "ನಾನು ಯಾಕೆ ಬಂದಿದೀನಿ ಹೇಳಿ ನೋಡೋಣ" ಅನ್ನಿ. ಬೇಡ ಅನ್ನೋದು ಬಾಯಲ್ಲೇ ಬರ್ಬೇಕು ಅಂತಿಲ್ಲ, ಮುಖ ತಿರುಗಿಸ್ಕೊಂಡ್ರೂ, ಎದ್ದು ಹೋದ್ರೂ, ಪದೇ ಪದೇ ಬಾಗಿಲ ಕಡೆ ನೋಡ್ತಿದ್ರೂ ಅದು ಬೇಡಾನೇ. ಅಲ್ಲಿಗೆ ನಿಲ್ಸಿ, ಟಾರ್ಗೆಟ್ ಹಾಳಾಗ್ಲಿ.

ಪ್ರಶ್ನೆ: ಬಜೆಟ್ ಕಮ್ಮಿ. ಸೈನ್ ಲಾಂಗ್ವೇಜ್ ಇಂಟರ್ಪ್ರಿಟರ್ ಬದಲು ಮನೆಯವರನ್ನೇ ಕೂರಿಸ್ಬಹುದಾ?

ಉತ್ತರ: ಬೇಡ. ಮನೆಯವರ ಬಗ್ಗೆನೇ ಏನಾದ್ರೂ ಹೇಳೋದಿದ್ರೆ? ಇಂಟರ್ವ್ಯೂ ಉದ್ದ ಆದ್ರೆ ಇಬ್ಬರು ಇಂಟರ್ಪ್ರಿಟರ್ ಬೇಕು, ಇಪ್ಪತ್ತು ಮೂವತ್ತು ನಿಮಿಷಕ್ಕೆ ಬದಲಾಗ್ತಾ ಹೋಗ್ತಾರೆ, ಇಲ್ಲಾಂದ್ರೆ ಕೈ ಅಷ್ಟೇ ಅಲ್ಲ ತಲೆನೂ ಸೋಲುತ್ತೆ. ಇವರ ಫೀಸು, ಜೊತೆಗೆ ಬರೋರ ಓಡಾಟದ ಖರ್ಚು, ಸ್ಕ್ರೀನ್ ರೀಡರ್ (ಕಣ್ಣು ಕಾಣದೋರಿಗೆ ಪರದೆ ಮೇಲಿನ ಅಕ್ಷರ ಓದಿ ಹೇಳೋ ಸಾಫ್ಟ್‌ವೇರ್) ಓದಬಲ್ಲ ಫಾರಂ, ಇದೆಲ್ಲ ಪ್ರಪೋಸಲ್ ಬರೆಯೋ ದಿನವೇ ಬಜೆಟಲ್ಲಿ ಕೂರ್ಬೇಕು. "ಇತರೆ" ಅನ್ನೋ ಕಾಲಂಗೆ ತಳ್ಳಿದ್ದು ಮೊದಲು ಕತ್ತರಿಗೆ ಸಿಗುತ್ತೆ, ನೋಡಿದೀನಿ.

ಪ್ರಶ್ನೆ: ನಾನು ವೀಲ್‌ಚೇರ್ ಬಳಸ್ತೀನಿ. ಮೂರು ಸಲ ಸ್ಟೂಡೆಂಟ್ಸ್ ಬಂದು ಗಂಟೆಗಟ್ಟಲೆ ಕೇಳ್ಕೊಂಡು ಹೋದ್ರು, ಒಬ್ರೂ ವಾಪಸ್ ಮುಖ ತೋರಿಸ್ಲಿಲ್ಲ. ಈಗ ನಾಲ್ಕನೇ ಟೀಮ್ ಫೋನ್ ಮಾಡಿದೆ. ಮಾತಾಡ್ಬೇಕಾ?

ಉತ್ತರ: ಈ ಸಿಟ್ಟು ಹಳೇದು. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಂಗವಿಕಲರನ್ನ ಇಟ್ಟು ನೋಡ್ಕೊಳ್ಳೋ ಒಂದು ಸಂಸ್ಥೆಯಲ್ಲಿದ್ದ ಪಾಲ್ ಹಂಟ್ ಮತ್ತೆ ಜೊತೆಯವರು, ತಮ್ಮ ಬದುಕು ತಾವೇ ನಡೆಸ್ಕೊಳ್ಳೋ ಹಕ್ಕಿಗೆ ಹೋರಾಡ್ತಾ, ಸಹಾಯ ಆಗುತ್ತೆ ಅಂತ ರಿಸರ್ಚ್ ಮಾಡೋರನ್ನ ತಾವಾಗೇ ಕರೆಸ್ಕೊಂಡಿದ್ರು. ಎರಿಕ್ ಮಿಲ್ಲರ್ ಮತ್ತೆ ಜೆರಾಲ್ಡಿನ್ ಗ್ವಿನ್ ಬಂದ್ರು, 1972ರಲ್ಲಿ ಅವರ ಪುಸ್ತಕ ಬಂತು, ಅದರಲ್ಲಿ ಅಲ್ಲಿದ್ದೋರನ್ನ ಸಮಾಜದ ಪಾಲಿಗೆ ಸತ್ತೋರು ಅನ್ನೋ ಹಾಗೆ ಬರೆದಿದ್ರು. ಮೋಸ ಹೋದ್ವಿ ಅನ್ಸಿದ ಹಂಟ್, ಆಮೇಲೆ ಇಂಥ ರಿಸರ್ಚ್ ಮಾಡೋರನ್ನ ಪರೋಪಜೀವಿಗಳು ಅಂತಾನೇ ಕರೆದ್ರು. ಬ್ರಿಟನ್ನಿನ ಅಂಗವಿಕಲ ವಿದ್ವಾಂಸ ಮೈಕ್ ಆಲಿವರ್ ಥರದವರು 1992ರ ಹೊತ್ತಿಗೆ ರಿಸರ್ಚಿನ ಲಗಾಮು ಅಂಗವಿಕಲರ ಕೈಲೇ ಇರ್ಬೇಕು ಅಂತ ಬರೆದದ್ದಕ್ಕೆ ಹಿಂದೆ ಇಂಥ ಗಾಯಗಳೇ ಇವೆ.

ನಾಲ್ಕನೇ ಟೀಮನ್ನ ಮೊದಲು ನೀವು ಇಂಟರ್ವ್ಯೂ ಮಾಡಿ. ಪ್ರಶ್ನೆ ತಯಾರು ಮಾಡುವಾಗ ಅಂಗವಿಕಲರು ಎಷ್ಟು ಜನ ಕೂತಿದ್ರು, ನನ್ನ ಮಾತು ಬರೆದದ್ದನ್ನ ಅಚ್ಚಾಗೋ ಮುಂಚೆ ನನಗೆ ಓದಿಸ್ತೀರಾ, ರಿಪೋರ್ಟ್ ಯಾರ ಟೇಬಲ್ಲಿಗೆ ಹೋಗುತ್ತೆ, ವಾಪಸ್ ಯಾವ ತಾರೀಕು ಬರ್ತೀರಾ. ತಾರೀಕು ಹೇಳೋಕೆ ತಡವರಿಸಿದ್ರೆ ಫೋನ್ ಇಟ್ಬಿಡಿ, ನಿಮ್ಮ ಮಧ್ಯಾಹ್ನ ಉಳಿಯುತ್ತೆ. ಹೇಳಿದ್ರೆ ಅದನ್ನ ಕನ್ಸೆಂಟ್ ಫಾರಂ ಮೇಲೆ ಅವರ ಕೈಲೇ ಬರೆಸಿ, ಒಂದು ಕಾಪಿ ನಿಮ್ಮ ಹತ್ರ ಇಟ್ಕೊಳ್ಳಿ.