‘ಮಾಲಿಪಾಟೀಲ’ ಅಂದ್ರೆ ತೋಟದ ಮಾಲಿಯೇ?

ಪ್ರಶ್ನೆ: ನಮ್ಮ ಅಡ್ಡಹೆಸರು ಮಾಲಿಪಾಟೀಲ. ಊರಲ್ಲಿ ನಮ್ಮದೊಂದೇ ಮನೆತನ. ಹೂವಾಡಿಗರ ಮೂಲವೇ? ಈ ಹೆಸರಿನವರು ಎಷ್ಟಿದ್ದಾರೆ?
– ಓದುಗರು, ಸೇಡಂ

ಉತ್ತರ: ಹೂವಿಗೂ ಈ ಹೆಸರಿಗೂ ನಂಟಿಲ್ಲ. ಅರಬ್ಬಿಯ ‘ಮಾಲ್’ ಎಂದರೆ ಸಂಪತ್ತು. ಆಡಳಿತದ ಮಾತಿನಲ್ಲಿ ಕಂದಾಯ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಭೂಕಂದಾಯ ವಸೂಲಿಗೆ ಮಾಲಿ ಪಾಟೀಲ, ಊರಿನ ಬಂದೋಬಸ್ತಿಗೆ ಪೊಲೀಸ್ ಪಾಟೀಲ, ಲೆಕ್ಕಪತ್ರಕ್ಕೆ ಕುಲಕರ್ಣಿ ಇರುತ್ತಿದ್ದರು. ವಂಶಪಾರಂಪರ್ಯದ ಹುದ್ದೆಯೇ ಹೆಸರಾಯಿತು. ಊರಿಗೊಂದೇ ಮನೆತನ ಇರುವುದು ಅದಕ್ಕೇ. 1963ರಲ್ಲಿ ಗ್ರಾಮಾಧಿಕಾರ ರದ್ದಾದರೂ ಹೆಸರು ಉಳಿಯಿತು. ಇದು ಜಾತಿಸೂಚಕವೂ ಅಲ್ಲ, ಬೇರೆ ಬೇರೆ ಸಮುದಾಯದವರಲ್ಲಿ ಸಿಗುತ್ತದೆ. ಹಾಗಾಗಿ ಹೆಸರು ಒಂದೇ ಎಂದು ರಕ್ತಸಂಬಂಧ ಊಹಿಸಬೇಡಿ.

ಜನಗಣತಿ ಅಡ್ಡಹೆಸರಿನ ಲೆಕ್ಕ ಪ್ರಕಟಿಸುವುದಿಲ್ಲ. ಮತದಾರರ ಪಟ್ಟಿಯೇ ದಾರಿ. ಮಾಲಿಪಾಟೀಲ, ಮಾಲೀಪಾಟೀಲ, ಮಾಲಿ ಪಾಟೀಲ್ ಎಂಬ ಮೂರೂ ರೂಪ ಹುಡುಕಿ, ಮನೆ ನಂಬರಿನಂತೆ ಕುಟುಂಬ ಎಣಿಸಿ. 18 ದಾಟದವರು ಅದರಲ್ಲಿ ಇರುವುದಿಲ್ಲ. ಬರೀ ‘ಪಾಟೀಲ’ ಎಂದು ಬರೆಸಿಕೊಂಡ ಕವಲುಗಳೂ ತಪ್ಪಿಹೋಗುತ್ತವೆ. ಲೆಕ್ಕ ಕಡಿಮೆ ಬರುವುದು ಹೆಚ್ಚಾಗಿ ಇದರಿಂದಲೇ.

ಮೂಲ ಹುಡುಕಲು ತಹಸೀಲಿನ ದಾಖಲೆ ಕೋಣೆಯಲ್ಲಿ 1954-55ರ ಖಾಸ್ರಾ ಪಹಣಿಯ (ಸರ್ವೆ ನಂಬರುವಾರು ಜಮೀನಿನ ಹಳೆಯ ದಾಖಲೆ) ನಕಲು ಕೇಳಿ. ಸರ್ವೆ ನಂಬರು ಕೈಯಲ್ಲಿರಲಿ. ಅದಕ್ಕೂ ಹಳೆಯವು ಬಹುಪಾಲು ಉರ್ದುವಿನಲ್ಲಿವೆ, ಓದಬಲ್ಲವರನ್ನು ಜತೆಗೆ ಕರೆದೊಯ್ಯಿರಿ. ಇಸವಿ ಫಸಲಿಯಲ್ಲಿದ್ದರೆ (ನಿಜಾಮರ ಕಾಲದ ಕಂದಾಯ ವರ್ಷ) 590 ಕೂಡಿಸಿ: ಫಸಲಿ 1347 ಎಂದರೆ 1937-38. ಇಲ್ಲಿ ಎಡವಿದರೆ ಅಜ್ಜನ ಹೆಸರಿನ ಜಾಗದಲ್ಲಿ ಮುತ್ತಜ್ಜ ಬಂದು ಕೂರುತ್ತಾನೆ.